ಮಗ್ಗ ನಿಂತಾಗ ಕೇಳಿದ ದನಿ

ನನ್ನ ದನಿ ಹೋದದ್ದು ಬೀಳಗಿಯಲ್ಲಿ, ಒಂದು ಮದುವೆಯ ಆರತಕ್ಷತೆಯಲ್ಲಿ, ಎರಡು ಟ್ರೇಲರ್ ಕಬ್ಬು ಹೇರಿಕೊಂಡ ಟ್ರ್ಯಾಕ್ಟರು ಏರು ಹತ್ತುವಾಗ. ಟ್ರ್ಯಾಕ್ಟರು ನಾನೇ. ಏರೂ ನಾನೇ. ಹಿಂದೆ ಕೂತು "ಗೇರ್ ಬದ್ಲಿ ಮಾಡಲೇ ಮಬ್ಬ" ಎಂದು ಒದರುವ ಮಾಲೀಕನೂ ನಾನೇ. ಎರಡೂ ಕೈಯಿಂದ ಮೈಕನ್ನು ಬಾಯಿಗೆ ಮುಚ್ಚಿ ಹಿಡಿದು ಗಂಟಲಿನ ತಳದಿಂದ ಇಂಜಿನ್ನಿನ ಗುಡುಗು ತೆಗೆಯುತ್ತಿದ್ದೆ. ಗೇರು ಇಳಿಸಿದೆ ನೋಡಿ, ಒಳಗೆ ಏನೋ ಪಟ್ಟನೆ ಹರಿದಂತಾಯಿತು. ಆಮೇಲೆ ಬರೀ ಗಾಳಿ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಟ್ರ್ಯಾಕ್ಟರಿನ ಡೀಸೆಲ್ ಮುಗಿದದ್ದನ್ನೂ ಈ ಹುಡುಗ ಮಾಡಿ ತೋರಿಸಿದನಲ್ಲ ಅಂದುಕೊಂಡರಂತೆ. ಅಷ್ಟು ಜೋರಿನ ಚಪ್ಪಾಳೆ ನನಗೆ ಅದಕ್ಕೂ ಮೊದಲು ಬಿದ್ದಿರಲಿಲ್ಲ.

ವೇದಿಕೆಯಿಂದ ಇಳಿದು ಗೆಳೆಯ ಮಲ್ಲ್ಯಾನಿಗೆ "ನೀರು" ಅನ್ನಲು ಹೋದೆ. ಬರಲಿಲ್ಲ. ನನ್ನ ಕಾರ್ಯಕ್ರಮಗಳನ್ನೆಲ್ಲ ಹಿಡಿದು ತರುವವನು ಅವನೇ. ನಕ್ಕುಬಿಟ್ಟ. "ಸಾಕ ಬಿಡಲೇ, ಪ್ರೋಗ್ರಾಮ್ ಮುಗದೈತಿ. ಇನ್ನೂ ಯಾರ ಮುಂದ ಮಾಡಾಕತ್ತೀ?"

ಯಾವುದೋ ದವಾಖಾನೆಯ ಬೆಂಚಿನ ಮೇಲೆ ಗಂಟಲಿಗೆ ಕೈ ಹಚ್ಚಿಕೊಂಡು ಪಾಳಿ ಕಾಯುತ್ತಿರುವವರು ನೀವಾಗಿದ್ದರೆ, ಸ್ವಲ್ಪ ಸರಿಯಿರಿ, ನಿಮ್ಮ ಬಗಲಿಗೆ ನಾನೂ ಕೂಡುತ್ತೇನೆ. ನೀವು ಮಾತಾಡುವುದು ಬೇಡ. ನಾನೇ ಆಡುತ್ತೇನೆ, ಈಗ ಬರುತ್ತದೆ.

ನಮ್ಮದು ಬನಹಟ್ಟಿ. ಮನೆಯ ಮುಂಭಾಗ ಪೂರ್ತಿ ಪವರ್‌ಲೂಮಿನ ಶೆಡ್ಡು, ಹಿಂದೆ ಅಡಿಗೆಮನೆ. ಮಗ್ಗಗಳು ಹೊಡೆಯತೊಡಗಿದರೆ ಕಿವಿಯಲ್ಲಿ ಬಾಯಿಟ್ಟು ಒದರಿದರೂ ಕೇಳುವುದಿಲ್ಲ. ಹಾಗಾಗಿ ನಮ್ಮ ಮಂದಿ ತುಟಿ ನೋಡಿ ಮಾತು ತಿಳಿಯುತ್ತಾರೆ. ಎರಡು ಬೆರಳು ಕತ್ತರಿಯಂತೆ ಆಡಿಸಿದರೆ ಎಳೆ ಹರಿದಿದೆ, ಹೆಬ್ಬೆರಳು ಬಾಯಿಗೆ ಎತ್ತಿದರೆ ಚಹಾ, ಇಲ್ಲದ ಮೀಸೆ ತೀಡಿದರೆ ನೂಲು ಕೊಡುವ ಸಾಹುಕಾರ ಬಂದ. ನಾನು ಮಾತು ಕಲಿತದ್ದೇ ಹೀಗೆ, ಮೊದಲು ತುಟಿ ನೋಡಿ, ಆಮೇಲೆ ದನಿ ಕೇಳಿ. ಯಾರ ಬಾಯಿ ಹೇಗೆ ಸೊಟ್ಟಗಾಗುತ್ತದೆ ಎಂದು ಹಿಡಿದರೆ ಅರ್ಧ ಮಿಮಿಕ್ರಿ ಆದಂತೆ. ಅಪ್ಪ ಮಾತ್ರ ವರ್ಷಾನುಗಟ್ಟಲೆ ಮಗ್ಗದ ನಡುವೆ ನಿಂತು ನಿಂತು, ಶೆಡ್ಡಿನ ಹೊರಗೂ ತುಟಿಯನ್ನೇ ನೋಡುವವನಾಗಿದ್ದ. ಅವನ ಕಿವಿ ಮಂದ ಎಂದು ನಮಗೆಲ್ಲ ಗೊತ್ತಿತ್ತು. ಎಷ್ಟು ಮಂದ ಎಂದು ನಾನು ಯಾವತ್ತೂ ಕೇಳಿರಲಿಲ್ಲ.

ಸಾಲೆಯಲ್ಲಿ ನಾನು ಲೆಕ್ಕಕ್ಕೆ ಬಾರದ ಹುಡುಗ. ಚಿಕ್ಕಪ್ಪನ ಮಗ ಅದೇ ವರ್ಗದಲ್ಲಿ ಮೊದಲನೆಯವನು. ಮನೆಯಲ್ಲಿ ಅವನ ಹೆಸರು ಬಂದಾಗೆಲ್ಲ ನನ್ನ ಹೆಸರೂ ಬರುತ್ತಿತ್ತು, "ಮತ್ತ ಇಂವಾ?" ಎಂಬ ರೂಪದಲ್ಲಿ. ಒಂದು ವರ್ಷ ಸಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ನಾನು ಹೆಡ್‌ಮಾಸ್ತರರ ಕೆಮ್ಮು, ಜಮಖಂಡಿ ಬಸ್ಸಿನ ಕಂಡಕ್ಟರ್, ಮುಧೋಳದ ನಾಯಿ ಇಷ್ಟನ್ನು ಮಾಡಿದೆ. ಹೆಡ್‌ಮಾಸ್ತರರೇ ನಕ್ಕು ನನಗೆ "ಟೇಪ್" ಎಂದು ಹೆಸರಿಟ್ಟರು. ಆದರೆ ನನ್ನ ಕಣ್ಣಿದ್ದದ್ದು ಮುಂದಿನ ಸಾಲಿನಲ್ಲಿ ಕೂತ ಅಪ್ಪನ ಮೇಲೆ. ಮನೆಯಲ್ಲಿ ಸುಲಭಕ್ಕೆ ನಗದ ಅಪ್ಪ ಅಂದು ತೊಡೆ ತಟ್ಟಿ ನಗುತ್ತಿದ್ದ. ಉಳಿದವರಿಗಿಂತ ಒಂದು ಗಳಿಗೆ ತಡವಾಗಿ ಶುರು ಮಾಡಿ, ಎಲ್ಲರೂ ನಿಲ್ಲಿಸಿದ ಮೇಲೂ ನಗುತ್ತಿದ್ದ. ಹೆಚ್ಚು ಮೆಚ್ಚಿದವರು ಹಾಗೆ ನಗುತ್ತಾರೆ ಅಂದುಕೊಂಡೆ. ನಾನು ಯಾರು ಅನ್ನುವುದು ಆವತ್ತೇ ತೀರ್ಮಾನವಾಯಿತು. ನಾನು ಅಪ್ಪನನ್ನು ನಗಿಸುವವನು. ಆಮೇಲೆ ನಗಿಸಿದ್ದೆಲ್ಲ ಅದರ ವಿಸ್ತರಣೆ.

ಬೀಳಗಿಯಿಂದ ಬಂದ ಮೇಲೆ ಅವ್ವ ಅರಿಷಿಣದ ಹಾಲು, ಜ್ಯೇಷ್ಠಮಧು, ಉಪ್ಪು ನೀರು ಎಲ್ಲ ಮಾಡಿದಳು. ದನಿ ಒಡಕು ಮಡಿಕೆಯಂತೆ ಬರುತ್ತಿತ್ತು, ಹೋಗುತ್ತಿತ್ತು. ಓಣಿಯವರು ಒಬ್ಬೊಬ್ಬರಾಗಿ ಬಂದು ಅವ್ವನ ಮುಂದೆ ದನಿ ತಗ್ಗಿಸಿ ಕೇಳಿದರು: "ಗುಟಕಾ ಏನರ ತಿಂತಿದ್ದನೇನ ಬೇ?" ನಾನು ಗುಟಕಾ ಮುಟ್ಟಿದವನಲ್ಲ. ಆದರೆ ಬಾಯಿತುಂಬ ಗುಟಕಾ ಇಟ್ಟುಕೊಂಡು ಮಾತಾಡುವವರನ್ನು ಅದೆಷ್ಟು ಛಲೋ ಮಾಡುತ್ತಿದ್ದೆನೆಂದರೆ, ತಿನ್ನದೆ ಹಾಗೆ ಬರುವುದಿಲ್ಲ ಎಂದು ಊರಿಗೆ ಖಾತ್ರಿಯಾಗಿತ್ತು. ಅವ್ವನಿಗೂ ಸಂಶಯ. ನಾನು ನೋಡದಾಗ ನನ್ನ ಅಂಗಿಯ ಕಿಸೆ ಮೂಸುತ್ತಿದ್ದಳು. ತಮಾಷೆಯಾಗಿ ಹೇಳುತ್ತಿದ್ದೇನೆ, ಆದರೆ ಆ ಅಂಗಿಯನ್ನು ಮೂಗಿಗೆ ಹಿಡಿದು ನಿಂತ ಅವಳ ಮುಖ ನನಗೆ ಇನ್ನೂ ಮಿಮಿಕ್ರಿಗೆ ಬಂದಿಲ್ಲ. ಬರುವುದೂ ಬೇಡ.

ಕೊನೆಗೆ ಅಪ್ಪ ಮಗ್ಗ ಬಂದ್ ಮಾಡಿ ಜಮಖಂಡಿಗೆ ಕರೆದುಕೊಂಡು ಹೋದ. ಕಿವಿ-ಮೂಗು-ಗಂಟಲಿನ ಡಾಕ್ಟರರ ಹೊರಕೋಣೆಯಲ್ಲಿ ಎಲ್ಲರೂ ಕೆಮ್ಮುವವರೇ. ಬೇರೆ ದಿನವಾಗಿದ್ದರೆ ಇಡೀ ಕೋಣೆಯನ್ನು ಕಿಸೆಗೆ ಹಾಕಿಕೊಂಡು ಬರುತ್ತಿದ್ದೆ. ಆವತ್ತು ಒಂದು ಕೆಮ್ಮೂ ನನ್ನೊಳಗೆ ಇಳಿಯಲಿಲ್ಲ. ಎದುರಿನ ಗೋಡೆಯ ಮೇಲೆ ಬಾಯಿಯ ಕ್ಯಾನ್ಸರಿನ ಚಿತ್ರವಿತ್ತು. ಅಪ್ಪ ಎದ್ದು ಹೋಗಿ, ಏನೂ ಆಗಿಲ್ಲದವನಂತೆ, ಬೆನ್ನು ಆ ಚಿತ್ರಕ್ಕೆ ಆನಿಸಿ ನಿಂತುಕೊಂಡ. ನನ್ನ ಪಾಳಿ ಬರುವವರೆಗೂ ಹಾಗೇ ನಿಂತಿದ್ದ.

ಡಾಕ್ಟರು ಮೂಗಿನೊಳಗಿಂದ ಗಂಟಲಿಗೆ ಕ್ಯಾಮೆರಾ ಇಳಿಸಿದರು. ಪರದೆಯ ಮೇಲೆ ದನಿ ಹೊರಡಿಸುವ ಎರಡು ಬಿಳಿ ಎಳೆ. ಒಂದರ ಅಂಚಿನಲ್ಲಿ ಕೆಂಪು ಉಬ್ಬು. ಅಪ್ಪ, ಕಿವಿ ಕೇಳದವರ ಜೋರು ದನಿಯಲ್ಲಿ, "ಗಂಟ ಬಿದ್ದೈತಿ" ಅಂದ.

"ಹೌದ್ರೀ ಯಜಮಾನ್ರ, ಗಂಟ ಐತಿ" ಎಂದರು ಡಾಕ್ಟರು.

ಗಂಟು ರೋಗ ಹೇಗಾಯಿತೆಂದು ಅಪ್ಪನಿಗೆ ಅರ್ಥವೇ ಆಗಲಿಲ್ಲ. ನಮ್ಮ ಕಸುಬಿನಲ್ಲಿ ಎಳೆ ಹರಿಯುವುದು ರೋಗ, ಗಂಟು ಹಾಕುವುದು ಮದ್ದು. ಇಲ್ಲಿ ಗಂಟೇ ರೋಗ. "ನೋಡಾಕ ಸಾದಾ ಗಂಟಿನಂಗ ಐತಿ. ತಗದು ಟೆಸ್ಟಿಗೆ ಕಳಸೋಣು. ಆದ್ರ..." ಎಂದು ಡಾಕ್ಟರು ನನ್ನ ಕಡೆ ತಿರುಗಿದರು. "ನೀ ಮಿಮಿಕ್ರಿ ಮಾಡ್ತಿ ಅಂದಿ. ಗಂಟ ತಗದ ಮ್ಯಾಲೆ ದನಿ ಬರತೈತಿ. ಆದ್ರ ಯಾವ ದನಿ ಬರತೈತಿ ಅಂತ ನಾ ಹೇಳಾಕ ಆಗೂದಿಲ್ಲ."

ಬಸ್ಸಿನಲ್ಲಿ ಬನಹಟ್ಟಿ ಮುಟ್ಟುವತನಕ ತಲೆಯಲ್ಲಿ ಆ "ಆದ್ರ" ಒಂದೇ ತಿರುಗುತ್ತಿತ್ತು. ಅಪ್ಪನಿಗೆ ಡಾಕ್ಟರ ತುಟಿ ಸರಿಯಾಗಿ ಕಂಡಿತ್ತೋ ಇಲ್ಲವೋ, ಅವನು ಏನೂ ಕೇಳಲಿಲ್ಲ. ನನ್ನ ಅಂಜಿಕೆಯ ಅರ್ಧ ಕ್ಯಾನ್ಸರಿನದಾಗಿದ್ದರೆ, ಹೇಳಲು ನಾಚಿಕೆಯಾಗುತ್ತದೆ, ಇನ್ನರ್ಧ ಇದು: ಬದುಕಿ ಉಳಿದು, ಯಾರನ್ನೂ ನಗಿಸಲಾಗದ ಒಬ್ಬ ಯಾರೋ ಆಗಿ ಉಳಿದರೆ?

ಆಪರೇಶನ್ನಿಗೆ ಮೊದಲು ಮಾತಿನ ಚಿಕಿತ್ಸೆ ಕೊಡುವ ಮೇಡಂ ಒಬ್ಬರನ್ನು ಕಾಣಲು ಮುಧೋಳಕ್ಕೆ ಕಳಿಸಿದರು. ಅವರು ಮನಶ್ಶಾಸ್ತ್ರವನ್ನೂ ಓದಿದವರು. ಅವರ ಕೋಣೆಯಲ್ಲಿ ಒಂದು ಪುಟ್ಟ ಹುಡುಗಿ "ಕಾಗೆ" ಅನ್ನಲು ಒದ್ದಾಡಿ, ಕೊನೆಗೆ ಅಂದು, ತಾನೇ ಬೆಚ್ಚಿಬಿದ್ದು ಹೊರಗೆ ಹೋಯಿತು. ಆಮೇಲೆ ನನ್ನ ಪಾಳಿ.

"ನಿಮ್ಮ ಹೆಸರು ಹೇಳ್ರಿ."

ಉಳಿದಷ್ಟು ಒಡಕು ದನಿಯಲ್ಲೇ ಕಂಡಕ್ಟರನಂತೆ ಹೇಳಿದೆ: "ಸಂಗಮೇಶ ಸಂಗಮೇಶ ಸಂಗಮೇಶ, ಯಾರರ ಇಳಿಯವ್ರ ಅದೀರೇನ್ರೀ?" ಮೇಡಂ ನಕ್ಕರು. ಹುರುಪು ಬಂದು ಹೆಡ್‌ಮಾಸ್ತರರಂತೆ ಹೇಳಿದೆ, ಸಾಹುಕಾರನಂತೆ ಹೇಳಿದೆ.

"ಛಲೋ ಮಾಡತೀರಿ. ಈಗ ನಿಮ್ಮ ದನಿಲೆ ಹೇಳ್ರಿ."

ಬಾಯಿ ತೆರೆದೆ. ಏನೂ ಬರಲಿಲ್ಲ. ಅದು ಗಂಟಿನ ದೆಸೆಯಿಂದಲ್ಲ. ಯಾವುದನ್ನು ತೆಗೆಯಬೇಕೋ ತಿಳಿಯಲಿಲ್ಲ, ಅಷ್ಟೆ. ಅಂಗಡಿಯ ತುಂಬ ಬಟ್ಟೆ ಇಟ್ಟುಕೊಂಡವನಿಗೆ, ಮೈಮೇಲಿನದು ಯಾವುದಪ್ಪಾ ಎಂದು ಕೇಳಿದಂತಾಯಿತು.

"ಯಾರೂ ಕೇಳದಿದ್ದಾಗ ಹೆಂಗ ಮಾತಾಡತೀರಿ?" ಎಂದರು.

"ಯಾರೂ ಕೇಳದಿದ್ರ ನಾ ಮಾತ ಆಡೂದಿಲ್ರಿ ಮೇಡಂ."

ಈ ಸಲ ಅವರು ನಗಲಿಲ್ಲ. "ನಾನು" ಎಂದು ಶುರುಮಾಡಿ ತಿಳಿದದ್ದು ಹೇಳಿ ಅಂದರು. ನಾನು ಟೇಪ್, ಅಂದೆ. ಯಾರು ಕರೆದದ್ದು? ಹೆಡ್‌ಮಾಸ್ತರರು. ನಾನು ದಡ್ಡ. ಯಾರು ಹೇಳಿದ್ದು? ಚಿಕ್ಕಪ್ಪ. ನಾನು ಅಪ್ಪನನ್ನು ನಗಿಸುವವನು. "ಇದು?" ಅಂದರು. "ಇದು ಖರೆ ರೀ. ನಾನ ಕಣ್ಣಾರೆ ನೋಡೇನಿ" ಅಂದೆ.

"ನಮ್ಮನ್ನ ನಾವು ಯಾರಂತ ತಿಳಕೊಂಡಿರತೀವಲ್ಲ, ಅದಕ್ಕ ಸ್ವಪರಿಕಲ್ಪನೆ ಅಂತಾರ್ರಿ" ಎಂದರು ಮೇಡಂ. ಹೆಸರು ಕೇಳಿ ನನಗೆ ಮತ್ತೊಂದು ಗಂಟು ಪತ್ತೆಯಾಯಿತೇನೋ ಎಂದು ದಿಗಿಲಾಯಿತು. "ಹೆದರಬ್ಯಾಡ್ರಿ, ಅದು ಎಲ್ಲಾರಿಗೂ ಇರತೈತಿ. ಸಣ್ಣವರಿದ್ದಾಗ ತಾಯಿ-ತಂದಿ ನಮ್ಮನ್ನ ಹೆಂಗ ನೋಡಿದ್ರು, ಸಾಲ್ಯಾಗ ಏನಂತ ಕರದ್ರು, ಯಾರ ಜೋಡಿ ತೂಗಿದ್ರು, ಅದರ ಮ್ಯಾಲೆ ಕಟ್ಟಿಕೊಂಡ ಮನಿ ಅದು. ಆದ್ರ ಅವ್ರು ನಿಮ್ಮನ್ನ ಹೆಂಗ ನೋಡಿದ್ರು ಅನ್ನೂದು ಒಂದು. ಅವ್ರು ಹಂಗ ನೋಡಿದ್ರು ಅಂತ ನೀವು ತಿಳಕೊಂಡದ್ದು ಇನ್ನೊಂದು. ಎರಡೂ ಒಂದ ಇರಬೇಕಂತಿಲ್ಲ."

ಇಲ್ಲೂ ಒಂದು "ಆದ್ರ". ಓದಿದವರ ಬಾಯಲ್ಲಿ ಅದೇ ಹೆಚ್ಚು ಎಂದು ಮನಸ್ಸಿನಲ್ಲೇ ಅಣಕಿಸಿ ಎದ್ದು ಬಂದೆ.

ಆಪರೇಶನ್ನು ಬೆಳಗಾವಿಯಲ್ಲಾಯಿತು. ಎಚ್ಚರಾದಾಗ ಮಂಚದ ತಲೆಕಡೆ ಒಂದು ರಟ್ಟು ತೂಗಿತ್ತು: ಮಾತಾಡಬಾರದು, ಪಿಸುಗುಟ್ಟಲೂಬಾರದು. ಪಕ್ಕದ ಮಂಚದಲ್ಲಿ ಸಾವಳಗಿಯ ಒಬ್ಬ ಮುದುಕ. ಓದು ಬಾರದವನು. ನಾನು ಮಾತಾಡದ್ದನ್ನು ನೋಡಿ ಹುಟ್ಟುಮೂಗ ಎಂದು ತಿಳಿದ. ಮೂಗ ಎಂದರೆ ಕಿವುಡನೂ ಇರಲೇಬೇಕಲ್ಲ. ಮೊದಲ ದಿನ ನನ್ನ ಕಿವಿಯ ಹತ್ತಿರ ಬಂದು "ಊಟಾತೇನೋ ತಮ್ಮಾ?" ಎಂದು ವಾರ್ಡೆಲ್ಲ ಎದ್ದು ಕೂಡುವಂತೆ ಒದರಿದ. ಕೇಳುವುದೇ ಇಲ್ಲ ಎಂದು ಗಟ್ಟಿಯಾದ ಮೇಲೆ ಮೆತ್ತಗೆ ತನ್ನ ಸಂಸಾರವನ್ನೆಲ್ಲ ನನ್ನ ಮುಂದೆ ಹೇಳಿಕೊಳ್ಳತೊಡಗಿದ. ಸೊಸೆಯ ಮೇಲಿನ ಸಿಟ್ಟು, ಹೆಂಡತಿ ಸತ್ತ ಮೇಲೆ ಅಳದೇ ಉಳಿದದ್ದು, ಗಂಟಲಿನ ಗಡ್ಡೆಯ ಅಂಜಿಕೆ. ಮನುಷ್ಯರು ಕೇಳುವವರಿಲ್ಲದಾಗ ಎಷ್ಟು ಮೆತ್ತಗೆ, ಎಷ್ಟು ಚೆಂದ ಮಾತಾಡುತ್ತಾರೆ ಎಂದು ನನಗೆ ಗೊತ್ತಾದದ್ದು ಆಗ. ನಾನು ಮನೆಗೆ ಹೊರಡುವ ದಿನ ನರ್ಸಮ್ಮ ಅವನಿಗೆ ನಿಜ ಹೇಳಿಬಿಟ್ಟಳು. ಆಗ ಮುದುಕ ನನ್ನತ್ತ ತಿರುಗಿ ಒಂದು ಮಾತು ಆಡಿದ. ಅದನ್ನು ಕೊನೆಗೆ ಹೇಳುತ್ತೇನೆ. ನಗಿಸುವವರಿಗೆ ಹೊತ್ತು ಕಾಯುವ ಚಟ ಇರುತ್ತದೆ.

ಟೆಸ್ಟಿನ ಫಲಿತಾಂಶ ಬಂತು. ಸಾದಾ ಗಂಟು, ಕೆಟ್ಟದ್ದೇನಿಲ್ಲ. ಅವ್ವ ಅದನ್ನು ಕೇಳಿ ಮೊದಲು ಮಾಡಿದ ಕೆಲಸವೆಂದರೆ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟದ್ದು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ನಿಂತಳು.

ಮನೆಗೆ ಬಂದ ಮೇಲಿನ ಮೌನ ಆಸ್ಪತ್ರೆಯದಕ್ಕಿಂತ ಕಠಿಣ. ಮಂದಿ ಬರುತ್ತಿದ್ದರು, ನನ್ನ ಮುಖ ನೋಡುತ್ತಿದ್ದರು, ಏನೋ ಒಂದು ಬರುತ್ತದೆಂದು ಕಾಯುತ್ತಿದ್ದರು. ಬಾರದಾಗ ಚಹಾ ಕುಡಿದು ಏಳುತ್ತಿದ್ದರು. "ಟೇಪ್ ಬಂದ್ ಆಗೇತಿ" ಎಂಬ ನಗೆಮಾತು ಓಣಿಯಲ್ಲಿ ತಿರುಗಿ ನನ್ನತನಕವೂ ಬಂತು. ಕೆಟ್ಟ ಜೋಕಲ್ಲ, ನನ್ನದೇ ಎನ್ನುವಂತಿತ್ತು. ಮಲ್ಲ್ಯಾ ಬಂದು ಹೇಳಿದ: "ಸಾವಳಗಿ ಮದುವಿಗೆ ಬ್ಯಾರೆ ಹುಡುಗನ್ನ ಹೇಳೇನಪಾ. ನಿನಗ ತಿಳಸದ ಮಾಡಬಾರದಂತ ಬಂದೆ. ಬ್ಯಾಸರಾ ಆತೇನೋ?" ನಾನು ಹೆಬ್ಬೆರಳು ಎತ್ತಿದೆ. "ಛಲೋ ಆತು ಬಿಡು" ಎಂದು ನಿರಾಳವಾಗಿ ಹೋದ. ನಮ್ಮ ಮನೆಯ ಗುರುತಿನಲ್ಲಿ ಹೆಬ್ಬೆರಳು ಎಂದರೆ ಚಹಾ ಬೇಕೇನು ಎಂದು. ಅವನು ನೇಕಾರನ ಮಗನಲ್ಲ.

ಗಡ್ಡ ಮಾಡಿಕೊಳ್ಳುವಾಗ ಕನ್ನಡಿಯಲ್ಲಿ ನೋಡುತ್ತಿದ್ದೆ. ಯಾವಾಗಲೂ ಅಲ್ಲಿ ಯಾರಾದರೊಬ್ಬರು ಇರುತ್ತಿದ್ದರು, ಸಾಹುಕಾರನೋ ಕಂಡಕ್ಟರನೋ. ಈಗ ಸಾಬೂನು ಹಚ್ಚಿಕೊಂಡ ಒಬ್ಬ ಹುಡುಗ, ಯಾರದೋ ಮನೆಗೆ ಬಂದು ಕೂತ ಬೀಗರಂತೆ ನನ್ನನ್ನೇ ನೋಡುತ್ತಿದ್ದ.

ನನಗೆ ರೋಗವಿಲ್ಲದ ಜಾಗ ಒಂದೇ ಇತ್ತು, ಶೆಡ್ಡು. ಮಗ್ಗ ಹೊಡೆಯುವಾಗ ಅಲ್ಲಿ ಎಲ್ಲರೂ ಮೂಗರೇ. ತುಟಿ ಆಡಿಸಿದರೆ ಸಾಕು, ಅವ್ವ ತಿರುಗಿ ಬೈಯುತ್ತಿದ್ದಳು, ಅಪ್ಪ ತಲೆಯಾಡಿಸುತ್ತಿದ್ದ. ದಿನವಿಡೀ ಅಲ್ಲೇ ಇರತೊಡಗಿದೆ. ದನಿಯನ್ನು ಸ್ವಲ್ಪವೂ ಬಳಸದೆ ಮನಸಾರೆ ಮಾತಾಡುತ್ತಿದ್ದೇನೆ, ಡಾಕ್ಟರು ಕಂಡರೆ ಶಾಭಾಸ್ ಅಂದಾರು ಎಂದು ನನಗೇ ಹೆಮ್ಮೆ.

ಒಂದು ಮಧ್ಯಾಹ್ನ ಆಚೆ ಮಗ್ಗದಲ್ಲಿ ಸೀರೆಯ ಅಂಚಿನ ಎಳೆ ಹರಿಯಿತು. ಅಪ್ಪ ನೋಡಿರಲಿಲ್ಲ. ನಾನು ಕೈ ಬೀಸಿ ತುಟಿ ಆಡಿಸಿದೆ. ಆ ಗಳಿಗೆಗೇ ಕರೆಂಟ್ ಹೋಯಿತು. ಎಲ್ಲ ಮಗ್ಗಗಳೂ ಒಮ್ಮೆಲೇ ನಿಂತವು. ಆ ನಿಶ್ಶಬ್ದದಲ್ಲಿ ಯಾರೋ ದೊಡ್ಡದಾಗಿ ಒದರುತ್ತಿದ್ದರು:

"...ಅಂಚಿನ ಎಳಿ ಹರದೈತಿ, ನಿಂದರಸ!"

ಅದು ನಾನು.

ಮಗ್ಗದ ನಡುಕ ನಮ್ಮ ಎದೆಯಲ್ಲೇ ಇರುತ್ತದೆ. ಅದರೊಳಗೆ ಗಂಟಲಿನ ನಡುಕ ಯಾವುದೆಂದು ತಿಳಿಯುವುದಿಲ್ಲ. ಶೆಡ್ಡಿನಲ್ಲಿ ಬೆಳೆದವರಿಗೆ ತುಟಿ ಆಡಿತೆಂದರೆ ದನಿಯೂ ತಾನಾಗಿ ಹೊರಬೀಳುತ್ತದೆ. ಕೇಳಿಸದಿರುವುದನ್ನೇ ನಾನು ಮೌನ ಎಂದುಕೊಂಡಿದ್ದೆ. ಅಂದರೆ ಇಷ್ಟೂ ದಿನ, ಹಸಿ ಗಾಯದ ಮೇಲೆ, ಒದರುತ್ತಲೇ ಇದ್ದೆ.

ಅವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯ ನನ್ನ ಶಿವನ, ಮಾತಾಡಿದಿ ಏನೋ!" ಅಂದಳು. ಆಮೇಲೆ, ಅಂಜಿಕೆಯ ನಡುವೆಯೇ, ಹುಬ್ಬು ಗಂಟಿಕ್ಕಿ ಕೇಳಿದಳು: "ಅದು ಯಾರ ದನಿಲೇ?"

ನಾನೂ ಅದನ್ನೇ ಹುಡುಕುತ್ತಿದ್ದೆ. ಕಂಡಕ್ಟರನದಲ್ಲ. ಸಾಹುಕಾರನದಲ್ಲ. ಸ್ವಲ್ಪ ದಪ್ಪ, ಕೊನೆಯಲ್ಲಿ ಕೆಳಗೆ ಇಳಿಯುವ, ಯಾರನ್ನೂ ನಗಿಸುವ ಅವಸರವಿಲ್ಲದ ದನಿ. ಎಳೆ ಹರಿದಿದೆ, ನಿಲ್ಲಿಸು ಎಂಬುದನ್ನು ಬಿಟ್ಟರೆ ಅದಕ್ಕೆ ಹೇಳುವುದು ಬೇರೇನೂ ಇರಲಿಲ್ಲ. ಯಾರೂ ಕೇಳದಾಗ ಹೇಗೆ ಮಾತಾಡುತ್ತೀರಿ ಎಂದು ಮುಧೋಳದ ಮೇಡಂ ಕೇಳಿದ್ದರಲ್ಲ. ಹೀಗೆ.

ಆದರೆ ಸಿಕ್ಕ ಗಳಿಗೆಯಲ್ಲೇ ಅದನ್ನು ಹಾಳು ಮಾಡಿಕೊಂಡೆ ಎಂದು ನೆನಪಾಯಿತು. ನೂಲಿನ ಚೀಲದ ಮೇಲೆ ಕುಸಿದೆ. ಅಪ್ಪನಿಗೆ ಮಾತ್ರ ಏನೂ ಕೇಳಿರಲಿಲ್ಲ. ಏನಾತು ಎಂದು ಕೈಯಾಡಿಸುತ್ತ ಬಂದ. ಅವ್ವ ತುಟಿಯಲ್ಲಿ ಹೇಳಿದಳು. ನಾನು ಕತ್ತು ಹಿಸುಕಿಕೊಂಡಂತೆ ಗುರುತು ಮಾಡಿ, ಈ ಸಲ ಗಂಟಲನ್ನು ಕೈಯಿಂದ ಒತ್ತಿ ಹಿಡಿದು, ತುಟಿ ಮಾತ್ರ ಆಡಿಸಿದೆ: "ಮುಗೀತು. ಇನ್ನ ನಿನ್ನ ನಗಸಾಕ ಆಗೂದಿಲ್ಲ."

ಅಪ್ಪ ನನ್ನ ಬಾಯಿಯನ್ನೇ ನೋಡಿದ. "ನನ್ನನ್ನ?" ಅಂದ. "ನಿನ್ನ ಮಿಮಿಕ್ರಿ ನನಗ ಯಾವಾಗ ಕೇಳಿತ್ತಲೇ?"

"ಈಗ್ಯಾಕ ಅದನ್ನ ಹೇಳತೀರಿ ಹುಡುಗನ ಮುಂದ?" ಎಂದಳು ಅವ್ವ. ಅವಳಿಗೆ ಗೊತ್ತಿತ್ತು.

"ಮೈಕಿನ್ಯಾಗ ಬರೇ ಗುಂಯ್ ಅಂತಿತ್ತು. ಬಾಯಿ ನೋಡೂಣಂದ್ರ ಎರಡೂ ಕೈಲೆ ಮುಚ್ಚಿಕೊಂಡ ನಿಂದರತಿದ್ದಿ. ಮಂದಿ ನಕ್ಕರ ನಾನೂ ನಗತಿದ್ದೆ."

ನಾನು ಕೇಳಿದೆ, ತುಟಿಯಲ್ಲೇ: "ಮತ್ತ ಎಲ್ಲಾರೂ ನಿಂದರಿಸಿದ ಮ್ಯಾಲೂ ನಗತಿದ್ದೆಲ್ಲ?"

"ಯಾವಾಗ ನಿಂದರಸಬೇಕಂತ ತಿಳೀತಿರಲಿಲ್ಲ."

ಅವ್ವನಿಗೆ ನಗು ಬಂತು. ನನಗೂ ಬಂತು, ದನಿಯಿಲ್ಲದೆ ಮೈಯೆಲ್ಲ ಅಲುಗಿತು, ಆಮೇಲೆ ಅದು ಅಳುವಾಯಿತು. ಅಪ್ಪ ನನ್ನ ಪಕ್ಕದಲ್ಲೇ ಕೂತ. ಕರೆಂಟಿಲ್ಲದ ಶೆಡ್ಡಿನಲ್ಲಿ ತಗಡಿನ ಸಂದಿಯ ಬಿಸಿಲು ಮಾತ್ರ ಇತ್ತು.

"ಮಂದಿ ನಕ್ಕಾಗ ನೀ ಕೈ ತಗೀತಿದ್ದಿ" ಅಂದ. "ಆವಾಗ ನಿನ್ನ ಮಾರಿ ಕಾಣತಿತ್ತು. ಅದನ್ನ ನೋಡಾಕ ಬರತಿದ್ದೆ."

ಕರೆಂಟ್ ಬಂತು. ಅಪ್ಪ ಎದ್ದು ಹೋಗಿ ಹರಿದ ಎಳೆಗೆ ಗಂಟು ಹಾಕಿದ.

ಇಷ್ಟು ವರ್ಷ ನಾನು ಮನೆ ಕಟ್ಟಿಕೊಂಡಿದ್ದ ಬುನಾದಿ ಅಲ್ಲಿರಲೇ ಇಲ್ಲ ಎಂದು ಆವತ್ತು ತಿಳಿಯಿತು. ಮನೆ ಮಾತ್ರ ಬೀಳಲಿಲ್ಲ. ಅದು ಬೇರೆ ಯಾವುದರ ಮೇಲೋ ನಿಂತಿತ್ತು, ನಾನು ಬಗ್ಗಿ ನೋಡಿರಲಿಲ್ಲ. ಇದನ್ನು ಮುಂದೆ ಮೇಡಂಗೆ ಹೇಳಿದಾಗ ಅವರು "ನಾ ಹೇಳಿದ್ದೆನಲ್ಲ" ಅನ್ನಲಿಲ್ಲ. "ಅಪ್ಪಗ ನಮಸ್ಕಾರ ಹೇಳ್ರಿ" ಅಂದರು, ಅಷ್ಟೆ.

ಮರುದಿನವೇ ಜಮಖಂಡಿಗೆ ಓಡಿದೆವು. ಕ್ಯಾಮೆರಾ ಇಳಿಯುವಾಗ ಅಪ್ಪ ನನ್ನ ಕೈಹಿಡಿದಿದ್ದ. ಗಾಯ ಒಂದಿಷ್ಟು ಕೆಂಪೇರಿತ್ತು, ಒಡೆದಿರಲಿಲ್ಲ. "ನಸೀಬ್ ಛಲೋ ಐತಿ" ಎಂದ ಡಾಕ್ಟರು ಶೆಡ್ಡಿಗೆ ಕಾಲಿಡಬಾರದು ಎಂದು ತಾಕೀತು ಮಾಡಿದರು. ಹಿತ್ತಲಿನಲ್ಲಿ ಕೂತು ಮೌನ ಕಲಿತೆ, ಖರೆ ಮೌನ. ಆಮೇಲೆ ಮುಧೋಳದ ಕೋಣೆಯಲ್ಲಿ ಬಾಯಿ ಮುಚ್ಚಿ "ಮ್" ಅನ್ನುವುದರಿಂದ ಶುರುವಾಯಿತು. ನನ್ನ ಮುಂದಿನ ಪಾಳಿ ಆ ಪುಟ್ಟ ಹುಡುಗಿಯದು. ಅವಳಾಗಲೇ "ಕಾಗೆ" ದಾಟಿ "ಗೂಬೆ"ಗೆ ಬಂದಿದ್ದಳು, ನನ್ನ ಕಡೆ ಕನಿಕರದಿಂದ ನೋಡುತ್ತಿದ್ದಳು.

ದನಿ ಬಂತು. ಹಳೆಯ ದನಿಗಳಲ್ಲಿ ಕೆಲವು ಬಂದವು, ಕೆಲವು ಬರಲಿಲ್ಲ. ಟ್ರ್ಯಾಕ್ಟರು ಇನ್ನು ಏರು ಹತ್ತುವುದಿಲ್ಲ. ಅದರ ನೆನಪಾದಾಗ ಈಗಲೂ ಗಂಟಲಲ್ಲಿ ಏನೋ ಹಿಡಿದಂತಾಗುತ್ತದೆ. ಅದು ಗಂಟಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಮೊನ್ನೆ ಹಿಪ್ಪರಗಿಯಲ್ಲಿ ಮಲ್ಲ್ಯಾನ ತಂಗಿಯ ಮದುವೆ. ಅವನು ನನ್ನನ್ನು ಕೇಳದೆಯೇ "ಈಗ ನಮ್ಮ ಟೇಪ್..." ಎಂದು ಕೂಗಿ ಮೈಕು ಕೈಗೆ ಕೊಟ್ಟ. ಕೈ ತಾನಾಗಿ ಬಾಯಿ ಮುಚ್ಚಲು ಹೋಯಿತು. ತಡೆದೆ. ಮೈಕನ್ನು ಎದೆಯ ಮಟ್ಟಕ್ಕೆ ಇಳಿಸಿ ಹಿಡಿದು, ಮುಖವನ್ನು ಮುಂದಿನ ಸಾಲಿನ ಅಪ್ಪನ ಕಡೆ ತಿರುಗಿಸಿ, ಸಾವಕಾಶವಾಗಿ ಹೇಳಿದೆ: "ನನ್ನ ಹೆಸರ ಸಂಗಮೇಶ."

ಆಮೇಲೆ ಸಾವಳಗಿಯ ಮುದುಕನ ಕತೆ ಹೇಳಿದೆ. ಅವನ ಮನೆಯ ಗುಟ್ಟುಗಳನ್ನಲ್ಲ, ಅವು ಅವನವು. ಅವನ ದನಿಯನ್ನೂ ತೆಗೆಯಲಿಲ್ಲ. ಅವನು ಕಿವಿಯಲ್ಲಿ ಒದರಿದ್ದು, ಮೂಗ ಎಂದು ತಿಳಿದು ಮನಸ್ಸು ಬಿಚ್ಚಿದ್ದು, ನರ್ಸಮ್ಮ ಬಂದು "ಅಜ್ಜಾ, ಈ ಹುಡುಗಗ ಎಲ್ಲಾ ಕೇಳತೈತಿ, ಮಾತಾಡಬಾರದಂತ ಡಾಕ್ಟರ ಹೇಳ್ಯಾರ ಅಷ್ಟ" ಅಂದದ್ದು. ಆಗ ಮುದುಕ ಹೌಹಾರಿ ನನ್ನತ್ತ ತಿರುಗಿದ:

"ತಮ್ಮಾ, ಕಿವಿ ಕೇಳತಾವಂತ ಬಾಯಿ ಬಿಟ್ಟ ಒಂದ ಮಾತ ಹೇಳಬಾರದೇನೋ?"

ಕಡೆಯ ಶಬ್ದ ಇನ್ನೂ ನನ್ನ ತುಟಿಯ ಮೇಲಿತ್ತು. ಪೆಂಡಾಲಿನಲ್ಲಿ ಮೊದಲು ನಕ್ಕವನು ಅಪ್ಪ. ಅವನನ್ನು ನೋಡಿ ಮಂದಿ ನಕ್ಕರು.